ನುಂಗಿಕೊಂಡ ಮಾತು

ತಿರುಪ್ಪೂರು ಬಳಿಯ ಅವಿನಾಶಿಯ ಶಿವ ದೇವಾಲಯದ ಐತಿಹ್ಯ ಕೇಳಿದ್ದೀರಾ? ಎಷ್ಟೋ ವರ್ಷಗಳ ಹಿಂದೆ ಮೊಸಳೆ ನುಂಗಿದ್ದ ಹುಡುಗನನ್ನು ಸುಂದರಮೂರ್ತಿ ನಾಯನಾರ್, ಅಂದರೆ ನಮ್ಮ ಕವಿ ಹರಿಹರನ ನಂಬಿಯಣ್ಣ, ಹಾಡಿ ಹೊರಗೆ ಕರೆತಂದರಂತೆ. ಆಪ್ತಸಮಾಲೋಚನೆ ಅಂಥ ಪವಾಡವೇನಲ್ಲ. ಆದರೆ ಎಂದೋ ನುಂಗಿಕೊಂಡದ್ದನ್ನು ಮಾತಿನಿಂದಲೇ ಹೊರತರುವ ಕೆಲಸ ಅದರದ್ದೂ ಹೌದು.

"ಬರೀ ಮಾತಾಡಿದ್ರೆ ಏನಾಗತ್ತೆ?" ಅನ್ನುವವರಿದ್ದಾರೆ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಗಮನಿಸಿದ್ದು ಇಷ್ಟೇ: ಘಟನೆಗೂ ನೋವಿಗೂ ನಡುವೆ ಗಮನಕ್ಕೆ ಬಾರದ ಒಂದು ಯೋಚನೆ ಹಾದುಹೋಗುತ್ತದೆ. ಬನಿಯನ್ ಕಾರ್ಖಾನೆಯ ಮೇಸ್ತ್ರಿ ಇವತ್ತು ಮುಖಕೊಟ್ಟು ಮಾತಾಡಲಿಲ್ಲ ಅನ್ನಿ. ‘ನಾನು ಯಾವುದಕ್ಕೂ ಬಾರದವನು’ ಅನ್ನಿಸಿ ರಾತ್ರಿ ನಿದ್ದೆ ಕೆಡುತ್ತದೆ. ಚಿಕಿತ್ಸಕರು ಇಲ್ಲಿ ಬುದ್ಧಿವಾದ ಹೇಳುವುದಿಲ್ಲ. ಆ ನಡುವಿನ ಯೋಚನೆಯನ್ನು ಹಿಡಿದು, ‘ಇದಕ್ಕೆ ಪುರಾವೆ ಏನು?’ ಎಂದು ಕೇಳುತ್ತಾರೆ. ನಮ್ಮನ್ನು ನಾವು ಅರಿಯುವುದು ಅಲ್ಲಿಂದ ಶುರು.

ಕೊಯಮತ್ತೂರು, ತಿರುಪ್ಪೂರು ಸೀಮೆಯ ಎಷ್ಟೋ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಬೀದಿಗೆ ತಮಿಳು, ಅಡುಗೆಮನೆಗೆ ಕನ್ನಡ. ದುಃಖ ತೋಡಿಕೊಳ್ಳಲು ಹತ್ತಿರದ ಮಾತೇ ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಭಾಷೆ ಆರಿಸಿಕೊಳ್ಳಬಹುದು. ತಮಿಳೂ ಇದೆ, ಕನ್ನಡವೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಹಗಲು ರಾತ್ರಿ ಉಚಿತ.

ಸಂಖ್ಯೆ 14416. ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ. ನಿಮಗೆ ಬೇಡವಾದರೂ ಪಕ್ಕದ ಮನೆಯವರಿಗೆ ಬೇಕಾದೀತು.