ಅವ್ವನ ಹಲಸಿನ ಹಲಗೆ

ಮದ್ದೂರಿನ ನಮ್ಮ ಮನೆಯ ಹಿತ್ತಿಲಿನಲ್ಲಿ ಹಿಂದೆ ಎರಡು ಎಮ್ಮೆಗಳನ್ನು ಕಟ್ಟುತ್ತಿದ್ದ ಕೊಟ್ಟಿಗೆಯೊಂದಿದೆ. ಈಗ ಅಲ್ಲಿ ಎಮ್ಮೆಗಳಿಲ್ಲ. ಮೇಜೊಂದರ ಮೇಲೆ ಮರ ಕೆತ್ತುವ ಸಣ್ಣ ಯಂತ್ರವಿದೆ. ಮನೆಗೆ ಬಂದ ಬಂಧುಗಳು, "ಮಠದಲ್ಲಿ ಓದಿ, ಜೀವಮಾನವೆಲ್ಲ ವ್ಯಾಕರಣ ಹೇಳಿಕೊಟ್ಟವರಿಗೆ ಈ ವಯಸ್ಸಿನಲ್ಲಿ ಇದೇನು ಹವ್ಯಾಸ?" ಎಂದು ನಗುತ್ತಾ ಕೇಳುವುದುಂಟು. ಅವರಿಗೆ ಹೇಳಿದ ಉತ್ತರವನ್ನೇ ಓದುಗ ಬಂಧುಗಳ ಮುಂದೆಯೂ ಇಡುತ್ತಿದ್ದೇವೆ. ಅದರಲ್ಲಿ ನಮ್ಮದೇ ಒಂದು ತಪ್ಪಿನ ಕಥೆಯೂ ಅಡಗಿದೆ.

ಈ ಯಂತ್ರವನ್ನು ಸಿ.ಎನ್.ಸಿ. ರೂಟರ್ ಎನ್ನುತ್ತಾರೆ. ಕಂಪ್ಯೂಟರ್ ಕೊಡುವ ಅಂಕಿಗಳ ಅಪ್ಪಣೆಯಂತೆ ತಾನೇ ನಡೆಯುವ ಉಳಿ ಎಂದು ತಿಳಿದರೆ ಸಾಕು. 1952ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯವರು, ರಂಧ್ರಗಳಿದ್ದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆದು ಲೋಹವನ್ನು ಕೊರೆಯುವ ಯಂತ್ರವನ್ನು ಜಗತ್ತಿಗೆ ತೋರಿಸಿದರು. ಅಂದು ದೊಡ್ಡ ಕಪಾಟಿನಷ್ಟಿದ್ದ ಅದರ ಮಿದುಳು ಇಂದು ಅಂಗೈಯಗಲದ ಫಲಕದಲ್ಲಿ ಅಡಗಿದೆ. ಮಂಡ್ಯದಲ್ಲಿ 1962ರಲ್ಲಿ ಆರಂಭಗೊಂಡ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗನು ರಜೆಯಲ್ಲಿ ಬಂದು, ಬಿಡಿ ಭಾಗಗಳನ್ನು ತರಿಸಿ, ಇದನ್ನು ಜೋಡಿಸಿಕೊಟ್ಟನು. ಕೆತ್ತುವ ಜಾಗ 30 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಅಗಲ. ಇದರ ಮೋಟಾರು ಒಂದು ಸುತ್ತನ್ನು 200 ಹೆಜ್ಜೆಗಳಲ್ಲಿ ಮುಗಿಸುತ್ತದೆ. ಒಂದು ಸುತ್ತಿಗೆ ತಿರುಪಿನ ದಂಡವು ಉಳಿಯನ್ನು 8 ಮಿಲಿಮೀಟರ್ ಮುಂದಕ್ಕೆ ಒಯ್ಯುತ್ತದೆ. ಎಂದರೆ ಒಂದು ಹೆಜ್ಜೆಗೆ ಒಂದು ಮಿಲಿಮೀಟರಿನ ಇಪ್ಪತ್ತೈದನೆಯ ಒಂದು ಭಾಗ! ಯಾವ ಮನುಷ್ಯನ ಕೈಗೆ ಇಷ್ಟು ಸೂಕ್ಷ್ಮ ಸಾಧ್ಯ?

ನಮ್ಮನ್ನು ಈ ಯಂತ್ರದತ್ತ ಸೆಳೆದದ್ದು ಅದರ ಸೂಕ್ಷ್ಮವಲ್ಲ, ಅಕ್ಷರ. ಬಾಲ್ಯದಲ್ಲಿ ಮಠದಲ್ಲಿದ್ದಾಗ ಹಿರಿಯರ ಬಳಿ ಕುಳಿತು ತಾಳೆಗರಿಗಳನ್ನು ಓದಲು ಕಲಿತವರು ನಾವು. ಓಲೆಯ ಮೇಲೆ ಶಾಯಿಯಿಂದ ಬರೆಯುವುದಿಲ್ಲ. ಕಬ್ಬಿಣದ ಕಂಟದ ಮೊನೆಯಿಂದ ಕೊರೆಯುತ್ತಾರೆ, ಆಮೇಲೆ ಮಸಿಯನ್ನು ತೀಡುತ್ತಾರೆ. ಓಲೆಯ ನಾರಿನ ಗುಂಟ ನೇರವಾದ ಗೆರೆ ಎಳೆದರೆ ಅದು ಸೀಳೀತೆಂಬುದರಿಂದಲೇ ನಮ್ಮ ಲಿಪಿ ಇಷ್ಟು ದುಂಡಗಾಯಿತೆಂದು ವಿದ್ವಾಂಸರು ಹೇಳುವುದುಂಟು. ಯಂತ್ರದ ಮೊನೆಯು ಮರದಲ್ಲಿ ಮೊದಲ ಬಾರಿಗೆ "ಅ" ಕಾರವನ್ನು ಕೊರೆದುದನ್ನು ಕಂಡಾಗ, ಅದೇ ಹಳೆಯ ಕಂಟವು ಹೊಸ ವೇಷ ತೊಟ್ಟು ಬಂದಂತೆ ನಮಗೆ ತೋರಿತು. ಅಂದಿನಿಂದ ಬೆಳಗಿನ ಪೂಜೆ, ಪ್ರಸಾದ ಮುಗಿಸಿ, ಹೆಗಲ ಮೇಲಿನ ವಲ್ಲಿಯನ್ನು ಗೂಟಕ್ಕೆ ಹಾಕಿ ಕೊಟ್ಟಿಗೆಗೆ ಹೋಗುವುದು ರೂಢಿಯಾಯಿತು. ತಿರುಗುವ ಮೊನೆಯ ಬಳಿ ಜೋಲುವ ಬಟ್ಟೆ ಇರಕೂಡದು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇಲ್ಲದೆ ನಿಲ್ಲಕೂಡದು.

ಇನ್ನು ಆ ಹಲಗೆಯ ಮಾತು. ಮಳವಳ್ಳಿಯ ಕಡೆಯ ನಮ್ಮ ಹುಟ್ಟೂರಿನ ಹಿತ್ತಿಲಿನಲ್ಲಿ ಅವ್ವ ಕೈಯಾರೆ ನೆಟ್ಟ ಹಲಸಿನ ಮರವೊಂದಿತ್ತು. ಅವ್ವ ಲಿಂಗೈಕ್ಯರಾಗಿ 11 ವರ್ಷಗಳಾದವು. ಮರವು ಅವರ ತರುವಾಯವೂ ಹಣ್ಣು ಕೊಡುತ್ತಲೇ ಇದ್ದು, ಒಂದು ಮುಂಗಾರಿನ ಗಾಳಿಗೆ ಬುಡಸಹಿತ ಉರುಳಿತು. ಬಹುಭಾಗ ಟೊಳ್ಳಾಗಿದ್ದ ಆ ಕಾಂಡದಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ ಹಲಗೆಯಷ್ಟು. ಅದನ್ನು ಕುಯ್ಯಿಸಿ, ಮದ್ದೂರಿಗೆ ತಂದು, ನೆರಳಿನಲ್ಲಿ ಒಂದು ವರ್ಷ ಒಣಗಿಸಿದೆವು. ಪುಣ್ಯಸ್ಮರಣೆಯ ದಿನ ಅದರ ಮೇಲೆ "ಅವ್ವ" ಎಂಬ ಒಂದೇ ಪದವನ್ನು ಕೆತ್ತಿ ಪಡಸಾಲೆಯಲ್ಲಿ ತೂಗುಹಾಕಬೇಕೆಂಬುದು ನಮ್ಮ ಆಸೆ.

ಹಿಂದಿನ ದಿನ ಮನೆ ತುಂಬ ನೆಂಟರು. ಅವಸರದಲ್ಲಿ ಪದವನ್ನು ಯಂತ್ರದ ತಂತ್ರಾಂಶದಲ್ಲಿ ನೇರವಾಗಿ ಬೆರಳಚ್ಚಿಸಿ, ಗುಂಡಿ ಒತ್ತಿ, ಬಂದವರನ್ನು ಮಾತನಾಡಿಸಲು ಒಳಗೆ ಹೋದೆವು. ಮರಳಿ ಬಂದು ಹುಡಿಯನ್ನು ಊದಿ ನೋಡಿದರೆ ಹಲಗೆಯ ಮೇಲೆ "ಅವ್‌ವ" ಎಂದಿದೆ! ವಕಾರದ ಒತ್ತು ತನ್ನ ಸ್ಥಾನವನ್ನು ಬಿಟ್ಟು ಪಕ್ಕದಲ್ಲಿ ಬೇರೆ ಅಕ್ಷರವಾಗಿ ನಿಂತಿದೆ. ನಲವತ್ತು ವರ್ಷ ಮಕ್ಕಳ ಒತ್ತಕ್ಷರಗಳನ್ನು ಕೆಂಪು ಶಾಯಿಯಿಂದ ತಿದ್ದಿದ ಕೈ ಇದು. ಹೆತ್ತವಳನ್ನು ಕರೆಯುವ ಪದವನ್ನೇ, ಆಕೆ ನೆಟ್ಟ ಮರದ ಮೇಲೆಯೇ ತಪ್ಪಾಗಿ ಬರೆಯಿಸಿತು. ಆ ರಾತ್ರಿ ನಮಗೆ ಊಟ ಸೇರಲಿಲ್ಲ.

ಮಂಡ್ಯದಲ್ಲಿದ್ದ ಹುಡುಗನಿಗೆ ಫೋನು ಮಾಡಿದೆವು. ಅವನು ಹೇಳಿದ್ದಿಷ್ಟು: "ದೊಡ್ಡಪ್ಪ, ಅದಕ್ಕೆ ಅಕ್ಷರ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು." 1991ರಿಂದ ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೂ ಸ್ಥಾನವಿದೆ. ಅದರಂತೆ "ಅವ್ವ" ಎಂಬ ಪದವು ಕಂಪ್ಯೂಟರಿನೊಳಗೆ ನಾಲ್ಕು ಸಂಕೇತಗಳು: ಅ, ವ, ಕೊಂಬಿನಂಥ ಹಲಂತ ಚಿಹ್ನೆ, ಮತ್ತೆ ವ. ಎರಡನೆಯ ವಕಾರವನ್ನು ಒತ್ತಾಗಿ ಕೆಳಗೆ ಕೂರಿಸುವುದು ಅಕ್ಷರಗಳನ್ನು ಜೋಡಿಸುವ ತಂತ್ರಾಂಶದ ಕೆಲಸ. ಇಂಗ್ಲಿಷಿಗೆಂದು ಮಾಡಿದ ಕೆಲವು ತಂತ್ರಾಂಶಗಳಿಗೆ ಆ ವಿದ್ಯೆ ತಿಳಿಯದು. ಅದಕ್ಕೆ ಉಪಾಯವೂ ಉಂಟು. ಕನ್ನಡವನ್ನು ಸರಿಯಾಗಿ ಜೋಡಿಸಬಲ್ಲ ಇಂಕ್‌ಸ್ಕೇಪ್‌ನಂಥ ಉಚಿತ ತಂತ್ರಾಂಶದಲ್ಲಿ ಪದವನ್ನು ಬರೆದು, ಅದನ್ನು ಅಕ್ಷರವಾಗಿ ಉಳಿಸದೆ ಗೆರೆಗಳ ಚಿತ್ರವಾಗಿ ಮಾರ್ಪಡಿಸಿ, ಆ ಚಿತ್ರವನ್ನು ಯಂತ್ರಕ್ಕೆ ಕೊಡಬೇಕು. ಇದು ಮೊದಲೇ ತಿಳಿದಿರಲಿಲ್ಲವೆಂದು ನಾವು ಹೇಳಿಕೊಳ್ಳಬಹುದು. ಆದರೆ ತಪ್ಪು ಪದವು ಪರದೆಯ ಮೇಲೆ ಕಾಣುತ್ತಲೇ ಇತ್ತು. ಓದಬೇಕಾದವರು ಓದಲಿಲ್ಲ.

ಮರುದಿನ ಪುಣ್ಯಸ್ಮರಣೆಗೆ ಊರಿನಿಂದ ವೃದ್ಧ ಬಡಗಿ ಆಚಾರರು ಬಂದಿದ್ದರು. ನಮ್ಮ ಮನೆಯ ಬಾಗಿಲುವಾಡಗಳೆಲ್ಲ ಅವರ ಕೈಯವೇ. ಯಂತ್ರ ಬಂದಮೇಲೆ ಅವರನ್ನು ಕರೆಯಲು ನಮಗೇ ಒಂದು ಬಗೆಯ ಸಂಕೋಚವಿತ್ತು. ಹಲಗೆಯನ್ನು ಅವರ ಕೈಗಿತ್ತಾಗ ಬೆರಳಾಡಿಸಿ ನೋಡಿ ಹೇಳಿದರು: "ಮೇಷ್ಟ್ರೇ, ಮಿಷನ್ ಬಂತು, ನಮ್ಮನ್ನ ಮರೆತ್ರಿ ಅಂದ್ಕೊಂಡಿದ್ದೆ. ಕಚ್ಚಿರೋದು ಬರೀ ಒಂದೂವರೆ ಮಿಲಿ. ತೋಪಡ ಹೊಡೆದ್ರೆ ಹೋಯ್ತದೆ. ಆದ್ರೆ ಎಳೆ ನೋಡ್ದೆ ಕುಯ್ದದೆ, ನೋಡಿ, ಅಂಚೆಲ್ಲಾ ಕಿತ್ತು ಬಂದದೆ."

ಅದು ನಿಜವಾಗಿತ್ತು. ಹಲಸಿನ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ. ಒಮ್ಮೆಗೇ ಆಳಕ್ಕೆ ಇಳಿದ ಮೊನೆಯು ಅದನ್ನು ಕೊಯ್ಯುವ ಬದಲು ಹರಿದಿತ್ತು. ಆಚಾರರು ಒಂದು ವಾರ ಬಿಟ್ಟು ಬಂದು, ಹಲಗೆಯನ್ನು ತೋಪಡದಿಂದ ಹೆರೆದು ಸಮ ಮಾಡಿದರು. 22 ಮಿಲಿಮೀಟರ್ ದಪ್ಪವಿದ್ದದ್ದು 20 ಆಯಿತು. ಈ ಬಾರಿ ಹೊಸ ಮೊನೆ ಹಾಕಿ, ಅರ್ಧ ಮಿಲಿಮೀಟರಿನಂತೆ ಮೂರು ಸಲಕ್ಕೆ ಇಳಿಸಿ, ವೇಗವನ್ನು ತಗ್ಗಿಸಿದೆವು. ಗುಂಡಿ ಒತ್ತುವ ಮುನ್ನ ಪರದೆಯ ಮೇಲಿನ ಪದವನ್ನು ಗಟ್ಟಿಯಾಗಿ ಓದಿದೆವು. ಆಚಾರರಿಂದಲೂ ಓದಿಸಿದೆವು.

ಎರಡನೆಯ ಸುತ್ತಿನ ನಡುವೆ ಕರೆಂಟು ಹೋಯಿತು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತು ಉತ್ಪಾದನೆಗೊಂಡು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದುಹೋಯಿತು. ಆ ಸೀಮೆಯವರಾದ ನಮಗೆ ಕರೆಂಟಿಗಾಗಿ ಕಾಯುವುದು ಹೊಸದಲ್ಲ. ಆದರೆ ಇಂಥ ಯಂತ್ರವು ಕರೆಂಟು ಹೋದೊಡನೆ ತಾನು ಎಲ್ಲಿದ್ದೆನೆಂಬುದನ್ನೇ ಮರೆಯುತ್ತದೆ. ಹೊರಟ ಜಾಗವನ್ನು, ಎಂದರೆ ಅದರ ಶೂನ್ಯಬಿಂದುವನ್ನು, ನಾವೇ ಮತ್ತೆ ತೋರಿಸಿಕೊಡಬೇಕು. ಹಲಗೆಯನ್ನು ಅಲುಗಿಸದೆ, ಅದರ ಮೂಲೆಯಲ್ಲಿ ಸೂಜಿಮೊನೆಯಷ್ಟು ಗುರುತು ಮಾಡಿಟ್ಟಿದ್ದರಿಂದ ಈ ಸಲ ಕೆಲಸ ಕೆಡಲಿಲ್ಲ.

ಯಂತ್ರದ ಮೊನೆ ದುಂಡು. ಅಕ್ಷರದ ಒಳಮೂಲೆಗಳಲ್ಲಿ ಅದು ಚೂಪಾಗಿ ತಿರುಗಲಾರದು. ಅಲ್ಲಿ ಆಚಾರರ ಸಣ್ಣ ಉಳಿಯೇ ಬೇಕಾಯಿತು. ಅವರ ಕೈ ಈಗ ತುಸು ನಡುಗುತ್ತದೆ. ದೊಡ್ಡ ಕೆತ್ತನೆ ಸಾಗದು. ಯಂತ್ರ ಕೆತ್ತಿದ ಮೇಲೆ ಉಳಿಯುವ ಸಣ್ಣ ಕೆಲಸ ಮಾತ್ರ ಸಾಗುತ್ತದೆ. ಈಗ ವಾರಕ್ಕೊಮ್ಮೆ ಬರುತ್ತಾರೆ. ನಾವು ಅಕ್ಷರ ನೋಡುತ್ತೇವೆ, ಅವರು ಎಳೆ ನೋಡುತ್ತಾರೆ, ರಜೆಯಲ್ಲಿ ಬರುವ ಹುಡುಗನು ಅಂಕಿ ನೋಡುತ್ತಾನೆ. ಕೂಲಿಯನ್ನು ಹಿಂದಿನಂತೆಯೇ ಅವರ ಕೈಗೆ ಕೊಡುತ್ತೇವೆ.

ಇಂಥ ಯಂತ್ರವನ್ನು ಮನೆಗೆ ತರಬೇಕೆನ್ನುವ ಬಂಧುಗಳಿಗೆ ನಮ್ಮದೊಂದೇ ವಿನಂತಿ. ಅದು ಕೈಯ ದುಡಿಮೆಯನ್ನು ಕಡಿಮೆ ಮಾಡುತ್ತದೆ, ಗಮನದ ದುಡಿಮೆಯನ್ನಲ್ಲ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತದೆ. ಆದ್ದರಿಂದ ಹೇಳುವವನೇ ತಪ್ಪಬಾರದು. ಗುಂಡಿ ಒತ್ತುವ ಮುಂಚೆ ಒಮ್ಮೆ ಓದಿರಿ, ಒತ್ತಿದ ಮೇಲೆ ಅದರ ಬಳಿಯಿಂದ ಕದಲಬೇಡಿರಿ.

ಹೊಸದಾಗಿ ಕೊಯ್ದ ಹಲಸು ಅರಿಸಿನದ ಬಣ್ಣ. ದಿನ ಕಳೆದಂತೆ ಕಂದಿಗೆ ತಿರುಗುತ್ತದೆ. ಪಡಸಾಲೆಯಲ್ಲಿರುವ ನಮ್ಮ ಹಲಗೆ ಈಗ ಅವೆರಡರ ನಡುವೆ ಇದೆ. ಅದರ ಮೇಲೆ "ಅವ್ವ" ಎಂದು ಸರಿಯಾಗಿ ಬರೆದಿದೆ.