ಪಂಚ ಹೌದದಿಂದ ಭೀಮೆಗೆ

ರಿಕ್ಷಾ ಪುಣೆಯ ಗುರುವಾರ ಪೇಟೆಯ ತಿರುವಿನಲ್ಲಿ ನಿಲ್ಲುತ್ತದೆ. ಬೆಳಗಿನ ಏಳು ಗಂಟೆ. ಪೋಹೆಯ ಒಗ್ಗರಣೆ ವಾಸನೆ, ಅರ್ಧ ಎತ್ತಿದ ಶಟರುಗಳು, ಅವುಗಳ ನೆತ್ತಿಯ ಮೇಲೆ ಎತ್ತರದ ಗಂಟೆಗೋಪುರ. ‘ಪಂಚ ಹೌದ’ ಎಂದಿರಿ, ಸರಿಯಾಗಿ ತಂದುಬಿಟ್ಟ. ‘ಹೋಲಿ ನೇಮ್ ಚರ್ಚು’ ಎಂದಿದ್ದರೆ ಎರಡು ಸಲ ಕೇಳುತ್ತಿದ್ದನೇನೋ. ಐದು ನೀರಿನ ತೊಟ್ಟಿಗಳಿಂದ ಬಂದ ಹೆಸರು. ನಮ್ಮ ವಿಜಯಪುರದ ಕಡೆಯವರಿಗೂ ಹೌದ ಎಂದರೆ ನೀರೇ ನೆನಪಾಗುವುದು.

ಪುಣೆಯ ಹಳಬರಿಗೆ ಮಾತ್ರ ನೆನಪಾಗುವುದು ಚಹಾ. 1890ರಲ್ಲಿ ತಿಲಕ, ರಾನಡೆ ಮೊದಲಾದವರು ಇಲ್ಲಿನ ಮಿಷನ್ನಿಗೆ ಬಂದಾಗ ಪಾದ್ರಿಗಳು ಚಹಾ, ಬಿಸ್ಕತ್ತು ಕೊಟ್ಟರು. ಅಷ್ಟಕ್ಕೇ ಊರೆಲ್ಲ ಗದ್ದಲವೆದ್ದು, ಪ್ರಕರಣ ಶಂಕರಾಚಾರ್ಯರವರೆಗೂ ಹೋಯಿತು. ರಾನಡೆಯವರಂಥವರೂ ಪ್ರಾಯಶ್ಚಿತ್ತ ಮಾಡಿಕೊಂಡರು. ಒಂದು ಕಪ್ ಚಹಾಕ್ಕೆ ಪ್ರಾಯಶ್ಚಿತ್ತವಾದರೂ ಇತ್ತು. ಕ್ರೈಸ್ತರಾಗುವಾಗ ತಲೆಯ ಮೇಲೆ ಬಿದ್ದ ಒಂದು ಬೊಗಸೆ ನೀರಿಗೆ?

ಒಳಗೆ ತಂಪು. ಆಂಗ್ಲಿಕನ್ ಚರ್ಚುಗಳ ಹಳೆಯ ಪದ್ಧತಿಯಂತೆ ಆ ನೀರಿನ ತೊಟ್ಟಿ ಬಲಿಪೀಠದ ಬಳಿ ಇರುವುದಿಲ್ಲ, ಬಾಗಿಲ ಬಳಿ ಇರುತ್ತದೆ. ಅದನ್ನು ದಾಟಿದರೇ ಒಳಗಿನವರಾದಂತೆ. ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಮೂರು ಸಲ ನೀರು ಹೊಯ್ಯುತ್ತಾರೆ. ಮಂಗಳೂರಿನ ಪ್ರಾಟೆಸ್ಟೆಂಟರಿಗೆ ಇದು ದೀಕ್ಷಾಸ್ನಾನ, ಕಥೋಲಿಕರ ಹಳೆಯ ಮಾತು ಜ್ಞಾನಸ್ನಾನ. ಮರಾಠಿಯಲ್ಲಿ ಬಾಪ್ತಿಸ್ಮಾ: ಮೂಲ ಗ್ರೀಕಿನಲ್ಲಿ ಬರೀ ಮುಳುಗಿಸುವುದು ಎಂದರ್ಥ. ದೀಕ್ಷೆಯನ್ನೂ ಜ್ಞಾನವನ್ನೂ ಸೇರಿಸಿಕೊಂಡವರು ನಾವು.

ಪುಣೆಯಲ್ಲಿದ್ದ ಆಂಗ್ಲಿಕನ್ ಸಿಸ್ಟರುಗಳ ಪರಿಚಯದಿಂದ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿ, ಆ ನೀರಿಗೆ ತಲೆ ಕೊಟ್ಟ ಶಾಸ್ತ್ರಿಗಳ ಮಗಳು ಪಂಡಿತಾ ರಮಾಬಾಯಿ. ಹೊರಡುವಾಗ ಮತಾಂತರದ ಯೋಚನೆ ಇರಲಿಲ್ಲ.

ಅವರು ಕೊನೆಯವರೆಗೆ ಇದ್ದ ಕೇಡಗಾಂವ್‌ಗೆ ಹೋಗಲು ದೌಂಡ್ ಕಡೆಯ ಪ್ಯಾಸೆಂಜರ್ ಹಿಡಿಯಿರಿ, ಕಿಟಕಿಯ ಸೀಟು. ಹಡಪ್ಸರ್, ಲೋಣಿ, ಉರುಳಿ ದಾಟುವಷ್ಟರಲ್ಲಿ ಎರಡೂ ಬದಿ ಕಬ್ಬು. ಈ ಹೆಣ್ಣುಮಗಳು ಕಂಡ ನೀರುಗಳನ್ನು ಲೆಕ್ಕ ಹಾಕುತ್ತ ಕುಳಿತುಕೊಳ್ಳಬಹುದು. ಹುಟ್ಟಿದ್ದು 1858ರಲ್ಲಿ, ನದಿಗಳೇ ಹುಟ್ಟುವ ನಮ್ಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು, ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರು. ಆಮೇಲೆ ಇದ್ದದ್ದು ಬರೀ ತೀರ್ಥಯಾತ್ರೆ: ಕಂಡ ನದಿಯಲ್ಲಿ ಮುಳುಗು, ಕಂಡ ಪುಷ್ಕರಣಿಯಲ್ಲಿ ಮುಳುಗು. ಕ್ಷಾಮದಲ್ಲಿ ಕೊನೆಯ ಅಕ್ಕಿಕಾಳೂ ಮುಗಿದಾಗ ತಂದೆ ತೀರ್ಥದ ಕೆರೆಯಲ್ಲೇ ಜಲಸಮಾಧಿಯಾಗಲು ಹೊರಟಿದ್ದರು. ಪಾಪ ತೊಳೆಯುವ ನೀರು ಹೊಟ್ಟೆ ತುಂಬಿಸಿರಲಿಲ್ಲ. ಅದನ್ನು ಕಣ್ಣಾರೆ ಕಂಡವರು, 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜ್ ಊರಿನಲ್ಲಿ, ಎರಡು ವರ್ಷದ ಮಗಳು ಮನೋರಮೆಯೊಂದಿಗೆ ಮತ್ತೊಂದು ನೀರಿಗೆ ತಲೆ ಕೊಟ್ಟರು.

ಸಿಸ್ಟರುಗಳ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಮುಗಿದಿತ್ತು. ನೀರಿನಿಂದಲೂ ಆತ್ಮದಿಂದಲೂ ಹುಟ್ಟಬೇಕೆಂದು ಯೇಸು ನಿಕೊದೇಮನಿಗೆ ಹೇಳಿದ ಮಾತನ್ನು ಅವರ ಪಂಥ ಅಕ್ಷರಶಃ ಹಿಡಿದಿತ್ತು: ದೀಕ್ಷಾಸ್ನಾನವೇ ಹೊಸ ಹುಟ್ಟು, ಸಭೆ ಹೇಳಿದಂತೆ ಇನ್ನು ನಡೆಯುವುದು. ರಮಾಬಾಯಿ ನಡೆಯಲಿಲ್ಲ. ವಾಂಟೇಜಿನ ಸಿಸ್ಟರ್ ಜೆರಾಲ್ಡೀನ್ ಜೊತೆಗಿನ ಪತ್ರಗಳಲ್ಲಿ ತ್ರಿತ್ವದಿಂದ ಹಿಡಿದು ಬಿಷಪ್ಪರ ಅಧಿಕಾರದವರೆಗೆ ಜಗಳವೋ ಜಗಳ. ಶಾಸ್ತ್ರಿಗಳ ಮಗಳು, ವಾದ ಬಿಟ್ಟಾರೆಯೇ! ಪುರೋಹಿತರ ಒಂದು ಹಿಡಿತದಿಂದ ಬಿಡಿಸಿಕೊಂಡದ್ದು ಇನ್ನೊಂದಕ್ಕೆ ಕೊರಳು ಕೊಡಲಿಕ್ಕಲ್ಲ ಎಂಬುದೇ ಆ ಪತ್ರಗಳ ಧಾಟಿ. ನನಗಂತೂ ಈ ವಿಷಯದಲ್ಲಿ ಅವರ ಪಕ್ಷವೇ ಹಿಡಿಸುತ್ತದೆ. ಶಿಲುಬೆಯ ಮೇಲೆ ಪರದೈಸಿನ ಮಾತು ಪಡೆದ ಕಳ್ಳನಿಗೆ ಯಾರು ನೀರು ಹೊಯ್ದಿದ್ದರು?

ಸ್ನಾನವಾಗಿ ಸುಮಾರು ಎಂಟು ವರ್ಷಗಳ ಮೇಲೆ, ವಿಧವೆಯರಿಗಾಗಿ ಅವರು ನಡೆಸುತ್ತಿದ್ದ ಶಾರದಾ ಸದನ ಪುಣೆಗೆ ಬಂದ ದಿನಗಳಲ್ಲಿ, ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥೆ ಅವರ ಕೈಗೆ ಸಿಕ್ಕಿತು. ಪಾದ್ರಿಯಾಗಿ ವರ್ಷಗಳಾದ ಮೇಲೆ ತನಗಿನ್ನೂ ರಕ್ಷಣೆ ದೊರೆತಿಲ್ಲವೆಂದು ಕಂಡುಕೊಂಡವನು ಆತ. ಓದಿ ರಮಾಬಾಯಿಗೆ ತಮ್ಮದೇ ಕಥೆ ಕಂಡಿತು. ತನಗೆ ಕ್ರೈಸ್ತಧರ್ಮ ಸಿಕ್ಕಿದೆ, ಕ್ರಿಸ್ತ ಸಿಕ್ಕಿಲ್ಲ ಎಂಬುದನ್ನು 1907ರ ತಮ್ಮ ಸಾಕ್ಷ್ಯದಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ಕೇಡಗಾಂವ್. ಇಳಿಯಿರಿ. ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ನಿನ ಆವರಣದಲ್ಲಿ ಮರಗಳ ನೆರಳು, ದೊಡ್ಡ ಚರ್ಚು, ಶಾಲೆ ಬಿಟ್ಟ ಹುಡುಗಿಯರ ಗುಲ್ಲು. 1922ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೆ ಇಲ್ಲೇ ಕೂತು ಹೀಬ್ರೂ, ಗ್ರೀಕಿನಿಂದ ಬೈಬಲನ್ನು ಮರಾಠಿಗೆ ತಂದರು. ಅಚ್ಚುಮೊಳೆ ಜೋಡಿಸಿದವರೂ ಹೆಂಗಸರೇ.

ಮಧ್ಯಾಹ್ನ ಇಳಿದ ಮೇಲೆ ನದಿಗೆ ಹೋಗಿ, ಹತ್ತು ಕಿಲೋಮೀಟರ್ ಒಳಗೇ ಇದೆ. 1897ರಲ್ಲಿ ಕ್ಷಾಮದಿಂದ ಉಳಿದುಬಂದ ಹುಡುಗಿಯರನ್ನು ಗಾಡಿಗಳಲ್ಲಿ ಕೂರಿಸಿ ಈ ಭೀಮೆಗೇ ಕರೆತಂದು ದೀಕ್ಷಾಸ್ನಾನ ಮಾಡಿಸಿದರು. ನೀರಿನಿಂದ ತನಗೆ ಮುಕ್ತಿಯಾಗಲಿಲ್ಲ ಎಂದವರೇ ನೀರನ್ನು ಬಿಡಲಿಲ್ಲ. ಒಳಗೆ ಆದದ್ದನ್ನು ಹೊರಗೆ ನಾಲ್ಕು ಜನರೆದುರು ಹೇಳಲು ಅವರಿಗೆ ಒಂದು ನದಿ ಬೇಕಿತ್ತು.

ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲವರೆಗೆ ಇಳಿಯುತ್ತೀರಿ. ಕೆಸರು ತಣ್ಣಗಿದೆ. ಪಂಪ್‌ಸೆಟ್ಟಿನ ಸದ್ದು, ಆಚೆ ದಡದಲ್ಲಿ ಎಮ್ಮೆಗಳು. ಕಾಲಿಗೆ ತಾಗಿದ ಈ ನೀರು ಪಂಢರಪುರದಲ್ಲಿ ಚಂದ್ರಭಾಗೆಯಾಗಿ ವಾರಕರಿಗಳನ್ನು ಮೀಯಿಸುತ್ತದೆ. ಅಲ್ಲಿಂದ ಕರ್ನಾಟಕಕ್ಕೆ ಇಳಿಯುತ್ತದೆ; ಗಾಣಗಾಪುರದ ಸಂಗಮದಲ್ಲಿ ಯಾರೋ ಮೂಗು ಹಿಡಿದುಕೊಂಡು ಮೂರು ಸಲ ಮುಳುಗುತ್ತಾರೆ.