ತಾಯಿ ಕೆಲಸಕ್ಕೆ ಹೋದಾಗ ಕೂಸಿನ ಹಾಲು

ಕಲಘಟಗಿಯ ಬಣ್ಣದ ತೊಟ್ಟಿಲನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಸಾಗವಾನಿ ಕಟ್ಟಿಗೆಯಲ್ಲಿ ಮಾಡಿ, ಅರಗಿನ ಬಣ್ಣ ಹಚ್ಚಿ, ಕೃಷ್ಣನ ಬಾಲಲೀಲೆಯನ್ನೂ ರಾಮಾಯಣದ ಸನ್ನಿವೇಶಗಳನ್ನೂ ಅದರ ಮೇಲೆ ಬರೆಯುವ ಅಲ್ಲಿನ ಚಿತ್ರಗಾರರ ಕಲೆ ದೂರದ ಊರುಗಳವರೆಗೂ ಹೆಸರು ಮಾಡಿದೆ. ಆದರೆ ತೊಟ್ಟಿಲು ಎಷ್ಟೇ ಚೆಲುವಾಗಿರಲಿ, ಅದು ಕೂಸನ್ನು ಮಲಗಿಸಬಲ್ಲುದೇ ಹೊರತು ಅದರ ಹಸಿವನ್ನು ತಣಿಸಲಾರದು. ಹಾಲೂಡುವ ತಾಯಿ ಬೆಳಿಗ್ಗೆ ಮನೆ ಬಿಟ್ಟು ಹೊತ್ತು ಮುಳುಗುವಾಗ ಮರಳುವವಳಾದರೆ, ನಡುವಣ ಹತ್ತು ತಾಸು ಆ ಕೂಸು ಏನು ಕುಡಿಯಬೇಕು? ಕಲಘಟಗಿ ತಾಲೂಕಿನ ತಂಬೂರಿನಲ್ಲಿರುವ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದು, ಅದಕ್ಕೆ ಉತ್ತರ ಕಂಡುಕೊಂಡ ಬಗೆಯನ್ನು ವಾಚಕರ ಮುಂದಿಡಬೇಕೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮಠದ ಮಾಸಿಕದಲ್ಲಿ ಎದೆಹಾಲಿನ ಮಾತೇ ಎಂದು ಕೆಲವರಿಗೆ ಸಂಕೋಚವಾದೀತು. ಆದರೆ ಈ ಪತ್ರಿಕೆಯನ್ನು ಓದುವ ಹಿರಿಯರಲ್ಲಿ ಸೊಸೆಯನ್ನೋ ಮಗಳನ್ನೋ ನೌಕರಿಗೆ ಕಳಿಸದವರು ಇಂದು ಎಷ್ಟು ಮಂದಿ? ಪ್ರಸಾದನಿಲಯಗಳಲ್ಲಿ ಉಂಡು ಓದಿ ಈಗ ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ಹಿರಿಯ ಸ್ಥಾನದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಕೈಕೆಳಗೆ ಎಷ್ಟು ಜನ ಬಾಣಂತಿಯರು ದುಡಿಯುತ್ತಿದ್ದಾರೆ? ಆದಕಾರಣ ಗಂಡಸರೂ ಓದಲಿ ಎಂದೇ ಬರೆದಿದ್ದೇನೆ.

ನಾನು ಮೂವತ್ತು ವರ್ಷಕ್ಕೂ ಮೀರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು. 1986ರಲ್ಲಿ ನನ್ನ ಮಗ ಹುಟ್ಟಿದಾಗ ಮೂರು ತಿಂಗಳ ರಜೆ ಮುಗಿಯುತ್ತಲೇ ಕೆಲಸಕ್ಕೆ ಹಾಜರಾಗಬೇಕಾಯಿತು. ಹನ್ನೊಂದು ಗಂಟೆಯ ಸುಮಾರಿಗೆ ಎದೆ ಬಿಗಿದು, ಕುಪ್ಪಸ ತೊಯ್ದು, ಸೆರಗನ್ನು ಎರಡು ಸುತ್ತು ಹೊದ್ದು ಹಲಗೆಯ ಕಡೆಗೆ ಮುಖ ಮಾಡಿ ನಿಂತದ್ದುಂಟು. ನಡುಬಿಡುವಿನಲ್ಲಿ ಶಾಲೆಯ ಹಿಂದಿನ ಬೇಲಿಯ ಮರೆಗೆ ಹೋಗಿ ಹಾಲನ್ನು ಹಿಂಡಿ ಮಣ್ಣಿಗೆ ಚೆಲ್ಲುತ್ತಿದ್ದೆ. ಅದೇ ಹೊತ್ತಿಗೆ ಮನೆಯಲ್ಲಿ ನನ್ನ ಕೂಸು ನೀರು ಬೆರೆಸಿದ ಎಮ್ಮೆಯ ಹಾಲು ಕುಡಿಯುತ್ತಿತ್ತು. ಆ ಕಾಲದಲ್ಲಿ ನಮ್ಮೂರ ಕಡೆ ಬೇರೆ ದಾರಿಯನ್ನು ತೋರಿಸುವವರು ಯಾರೂ ಇರಲಿಲ್ಲ.

ನನ್ನ ಸೊಸೆಗೆ ಹುಬ್ಬಳ್ಳಿಯ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾದಾಗ ಹನ್ನೆರಡು ವಾರವಿದ್ದ ರಜೆ ಮೊದಲಿನ ಎರಡು ಮಕ್ಕಳಿಗೆ 26 ವಾರಕ್ಕೆ ಏರಿತು. ಅದರಲ್ಲಿ ಹೆಚ್ಚೆಂದರೆ ಎಂಟು ವಾರವನ್ನು ಹೆರಿಗೆಗೆ ಮುಂಚೆಯೇ ಪಡೆಯಬಹುದು. ಕಾಲುಗಳಲ್ಲಿ ಬಾವು ಬಂದುದರಿಂದ ಆಕೆ ಆರು ವಾರ ಮೊದಲೇ ಮನೆಯಲ್ಲಿ ಕುಳಿತಳು. ಹೀಗಾಗಿ ಮರಳಿ ಹೊರಡುವ ದಿನಕ್ಕೆ ಕೂಸಿಗೆ ಐದು ತಿಂಗಳೂ ತುಂಬಿರಲಿಲ್ಲ. ಆರು ತಿಂಗಳವರೆಗೆ ತಾಯಿಯ ಹಾಲಲ್ಲದೆ ನೀರನ್ನೂ ಕೊಡಬೇಕಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ವೈದ್ಯರೂ ಒಂದೇ ಸ್ವರದಲ್ಲಿ ಹೇಳುತ್ತಾರೆ. ಸೊಸೆಯದೂ ಅದೇ ಹಟ. "ಅತ್ತಿ, ನಾ ಹಿಂಡಿ ಇಟ್ಟು ಹೋಗತೇನಿ. ನೀವು ಕುಡಸತೀರಿ ಅಂದ್ರ ಮಾತ್ರ ಆಗೂ ಕೆಲಸ ಇದು" ಎಂದಳು. ಸುಳ್ಳಲ್ಲ, ಈ ವ್ಯವಸ್ಥೆಯಲ್ಲಿ ತಾಯಿಯದು ಅರ್ಧ ಪಾಲು, ಮನೆಯಲ್ಲಿ ಉಳಿದವರದು ಇನ್ನರ್ಧ.

ಮೊದಲ ತಕರಾರು ಬಂದುದು ಎಂಬತ್ತು ದಾಟಿದ ನಮ್ಮ ದೊಡ್ಡವ್ವನಿಂದ. "ಗಾಳಿ ತಾಗಿದ ಮೊಲಿಹಾಲು ಕೂಸಿಗೆ ಕೊಡಬಾರದವ್ವಾ, ಕೆಡತೈತಿ" ಎಂದರು. ಇದನ್ನು ಮೂಢನಂಬಿಕೆಯೆಂದು ನಗುವವರಿದ್ದಾರೆ; ನಾನು ನಗಲಿಲ್ಲ. ಪಾತ್ರೆಯನ್ನು ಕುದಿಸುವ ಅನುಕೂಲವಿಲ್ಲದ, ನೊಣ ತುಂಬಿದ ಮನೆಗಳಲ್ಲಿ ಬಟ್ಟಲಿನ ಹಾಲಿಗಿಂತ ಎದೆಯ ಹಾಲೇ ಕ್ಷೇಮವೆಂದು ಹಿರಿಯರು ಕಂಡುಂಡು ಕಲಿತದ್ದು ಅದು. ಸೀಸೆಯ ಹಾಲಿನಿಂದ ವಾಂತಿಭೇದಿಯಾಗಿ ಕಳೆದುಕೊಂಡ ಮಕ್ಕಳ ಲೆಕ್ಕ ನಮ್ಮ ಹಳ್ಳಿಗಳಿಗೆ ಗೊತ್ತು. ಸರಕಾರವೂ 1992ರಲ್ಲಿ ಕಾಯಿದೆ ಮಾಡಿ ಹಾಲಿನ ಪುಡಿ, ಹಾಲೂಡುವ ಸೀಸೆಗಳ ಜಾಹೀರಾತನ್ನು ನಿಷೇಧಿಸಿತು. ದೊಡ್ಡವ್ವನ ಭಯದ ಮೂಲ ಹೊಲಸಿನಲ್ಲಿದೆ, ಗಾಳಿಯಲ್ಲಿಲ್ಲ. ಹೊಲಸನ್ನು ದೂರವಿಟ್ಟರೆ ಹಾಲು ಕೆಡದು ಎಂಬುದನ್ನು ಮಾಡಿಯೇ ತೋರಿಸಬೇಕಾಯಿತು.

ಕೆಲಸಕ್ಕೆ ಹೋಗುವ ಮೂರು ವಾರ ಮೊದಲೇ ಸೊಸೆ ಅಭ್ಯಾಸ ಆರಂಭಿಸಿದಳು. ಬೆಳಗಿನ ಜಾವದಲ್ಲಿ ಹಾಲು ತುಂಬಿರುವುದರಿಂದ, ಕೂಸು ಕುಡಿದು ಮಲಗಿದ ಮೇಲೆ ಸೋಪಿನಿಂದ ಕೈ ತೊಳೆದುಕೊಂಡು ಕುಳಿತುಕೊಳ್ಳುವಳು. ತೊಟ್ಟನ್ನೇ ಹಿಡಿದು ಎಳೆದರೆ ನೋವೇ ಹೊರತು ಹಾಲು ಬಾರದು. ಹೆಬ್ಬೆರಳನ್ನು ಮೇಲೆ, ಉಳಿದ ಬೆರಳುಗಳನ್ನು ಕೆಳಗೆ, ಕಪ್ಪುಭಾಗದ ಅಂಚಿನ ಆಚೆಗಿಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಕೂಡಿಸಿ ಅದುಮಬೇಕು. ಚರ್ಮದ ಮೇಲೆ ಜಾರಿಸಬಾರದು. ಸುತ್ತಲೂ ಬೆರಳಿನ ಸ್ಥಾನ ಬದಲಿಸುತ್ತಿರಬೇಕು. ಮೊದಲ ದಿನ ಇಪ್ಪತ್ತು ನಿಮಿಷ ಕುಳಿತರೂ ಬಟ್ಟಲಿನ ತಳ ಮುಚ್ಚುವಷ್ಟೇ ಬಂದಿತು; ಆಕೆಯ ಕಣ್ಣಲ್ಲಿ ನೀರಾಡಿತು. ಹಾಲು ಎಂಬುದು ಬಾವಿಯ ಸೆಲೆಯಂತೆ, ಸೇದಿದಷ್ಟೂ ಜಿನುಗುವುದು. ಸೇದದೆ ಬಿಟ್ಟರೆ ದೇಹವು ಬೇಡವೆಂದು ತಿಳಿದು ಕಡಿಮೆ ಮಾಡುವುದು. ಎರಡನೆಯ ವಾರಕ್ಕೆ ಒಂದೇ ಸಲಕ್ಕೆ 80 ಮಿಲಿಲೀಟರು ದೊರೆಯಹತ್ತಿತು. ಅಳವಿಯ ಪಾಯಸ, ಸಬ್ಬಸಗಿ ಪಲ್ಯ, ಅಂಟಿನುಂಡಿಗಳನ್ನು ನಾನು ತಪ್ಪಿಸಲಿಲ್ಲ. ಅವು ಹಾಲು ಹೆಚ್ಚಿಸುವವೋ ಇಲ್ಲವೋ, ದಣಿದ ದೇಹಕ್ಕೆ ಬಲವಂತೂ ಹೌದು.

ಎಷ್ಟು ಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಒಂದರಿಂದ ಆರು ತಿಂಗಳ ಕೂಸು ದಿನವೊಂದಕ್ಕೆ ಸರಾಸರಿ 750 ಮಿಲಿಲೀಟರು ಹಾಲು ಕುಡಿಯುತ್ತದೆ. ತಾಸಿಗೆ 30ರಂತೆ ಹಿಡಿದರೆ ಹತ್ತು ತಾಸಿಗೆ 300. ಇದನ್ನು ಒಂದೇ ಪಾತ್ರೆಯಲ್ಲಿ ತುಂಬಿಡದೆ 60, 70 ಮಿಲಿಲೀಟರಿನಂತೆ ಸಣ್ಣ ಮುಚ್ಚಳದ ಸ್ಟೀಲ್ ಡಬ್ಬಿಗಳಲ್ಲಿ ಹಂಚಿಟ್ಟೆವು. ಏಕೆಂದರೆ ಕೂಸು ಬಾಯಿ ಹಚ್ಚಿ ಬಿಟ್ಟ ಹಾಲನ್ನು ಎರಡು ತಾಸಿನೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಹಿಂಡಿದ ತಾಯಿಗೆ ಆ ಚೆಲ್ಲುವ ಸಂಕಟ ಎಷ್ಟೆಂಬುದು ಅವಳಿಗೇ ಗೊತ್ತು. ಡಬ್ಬಿಗಳನ್ನು ರಾತ್ರಿ ತೊಳೆದು ಹತ್ತು ನಿಮಿಷ ಕುದಿಸುವ ಕೆಲಸ ನನ್ನ ಮಗನದು. ಮೊದಲು ನಾಲ್ಕು ದಿನ ನಾನು ಹೇಳಬೇಕಾಯಿತು. ಐದನೆಯ ದಿನದಿಂದ ಹೇಳುವ ಪ್ರಸಂಗ ಬರಲಿಲ್ಲ.

ಇಡುವ ಅವಧಿ ಹೀಗೆ: 25 ಡಿಗ್ರಿಯವರೆಗಿನ ತಂಪು ಕೋಣೆಯಲ್ಲಿ ನಾಲ್ಕು ತಾಸು, ಫ್ರಿಜ್ಜಿನಲ್ಲಿ, ಬಾಗಿಲಿನ ಕಪಾಟಿನಲ್ಲಲ್ಲ, ಒಳಗಿನ ತುದಿಯಲ್ಲಿ, ನಾಲ್ಕು ದಿನ. ನಮ್ಮ ಬೇಸಿಗೆಯ ಕೋಣೆ 25 ಡಿಗ್ರಿಯಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹೊರಗಿಡುವ ಮಾತನ್ನೇ ಬಿಟ್ಟೆವು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ನೀರನ್ನು ತಂಪಾಗಿಸಬಲ್ಲುದು, ಆದರೆ ಅದು ಫ್ರಿಜ್ಜಿಗೆ ಸಮನಲ್ಲ. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ನಾಲ್ಕು ತಾಸಿನವರೆಗೆ ಒಳಗಿನ ತಂಪು ಉಳಿಯುತ್ತದೆ. ಅಷ್ಟು ಹೊತ್ತು ಮೊಸರಿಗಾಗಿ ಯಾರೂ ಅದನ್ನು ಮುಟ್ಟಕೂಡದೆಂದು ಮನೆಯಲ್ಲಿ ಕಟ್ಟಪ್ಪಣೆಯಾಯಿತು. ಬೆಚ್ಚಗಿನ ಹೊಸ ಹಾಲನ್ನು ತಂಪಾದ ಹಳೆಯ ಹಾಲಿಗೆ ಕೂಡಲೇ ಬೆರೆಸಬಾರದು, ತಣಿಸಿ ಬೆರೆಸಬೇಕು. ಪ್ರತಿ ಡಬ್ಬಿಗೆ ದಿನ, ಸಮಯದ ಚೀಟಿ. ಮೊದಲು ಇಟ್ಟದ್ದು ಮೊದಲು ಖರ್ಚು. ತಾಸುಗಟ್ಟಲೆ ಇಟ್ಟ ಹಾಲಿನ ಮೇಲೆ ಕೆನೆ ಕಟ್ಟಿ, ಕೆಳಗೆ ನೀಲಿ ಛಾಯೆಯ ತೆಳು ಹಾಲು ನಿಲ್ಲುತ್ತದೆ. ಹಾಲು ಒಡೆಯಿತೆಂದು ಮೊದಲ ದಿನ ದೊಡ್ಡವ್ವ ಚೆಲ್ಲಹೊರಟಿದ್ದರು! ಡಬ್ಬಿಯನ್ನು ಮೆಲ್ಲಗೆ ತಿರುವಿದರೆ ಮತ್ತೆ ಒಂದಾಗುತ್ತದೆ.

ಇನ್ನು ಕಾಯಿಸುವ ವಿಷಯ. ಹಾಲೆಂದರೆ ಒಲೆಯ ಮೇಲಿಡುವುದು ನಮ್ಮ ಹೆಂಗಸರ ಕೈಗೆ ಹುಟ್ಟಿನಿಂದ ಬಂದ ರೂಢಿ. ಎಮ್ಮೆ, ಆಕಳ ಹಾಲಿಗೆ ಅದು ಸರಿಯೇ. ದನದ ರೋಗ, ಕೊಟ್ಟಿಗೆಯ ಕೊಳೆ ಅದರಲ್ಲಿ ಸೇರಿರಬಹುದು. ಆದರೆ ತಾಯಿಯ ಹಾಲಿನಲ್ಲಿ ಕೂಸನ್ನು ರೋಗದಿಂದ ಕಾಯುವ ಜೀವಕಣಗಳೂ ರೋಗನಿರೋಧಕ ಅಂಶಗಳೂ ಇದ್ದು, ಕುದಿಸಿದರೆ ಅವು ನಾಶವಾಗುತ್ತವೆ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ನಮ್ಮ ದೇಶದ ಮೊದಲ ಎದೆಹಾಲಿನ ಭಂಡಾರವನ್ನು ತೆರೆದರು. ಅಂಥ ಭಂಡಾರಗಳಲ್ಲಿ ಬೇರೆ ಬೇರೆ ತಾಯಂದಿರ ಹಾಲು ಅಶಕ್ತ ಕೂಸುಗಳಿಗೆ ಹೋಗುವುದರಿಂದ ಕಾಯಿಸುವುದು ಅನಿವಾರ್ಯ. ಆದರೂ ಕುದಿಸುವುದಿಲ್ಲ, 62.5 ಡಿಗ್ರಿಯಲ್ಲಿ 30 ನಿಮಿಷ ಇಡುತ್ತಾರೆ. ತನ್ನ ಕೂಸಿಗೆ ತನ್ನದೇ ಹಾಲಾದಾಗ ಅದೂ ಬೇಡ. ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಡಬ್ಬಿಯನ್ನಿಟ್ಟು, ಒಂದು ಹನಿಯನ್ನು ಮಣಿಕಟ್ಟಿನ ಮೇಲೆ ಬಿಟ್ಟು ನೋಡಿದರೆ ಸಾಕು.

ಸೀಸೆಯನ್ನು ನಾವು ತರಲಿಲ್ಲ. ನಮ್ಮ ಅಜ್ಜಿಯಂದಿರ ಕಾಲದ ಒಳಲೆ ಅಟ್ಟದಲ್ಲಿತ್ತು. ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕುದಿಸಿ ಇಳಿಸಿಕೊಂಡೆ. ಸೀಸೆಯ ಸಂದಿಗೊಂದಿಗಳಂತೆ ಇದರಲ್ಲಿ ಕೊಳೆ ಅಡಗಿ ಕೂಡುವುದಿಲ್ಲ. ಕೂಸನ್ನು ಮಲಗಿಸದೆ, ತಲೆ ಎತ್ತರಿಸಿ ಹಿಡಿದು, ಒಳಲೆಯ ಮೂತಿಯನ್ನು ಕೆಳದುಟಿಗೆ ತಾಗಿಸಿ, ಹಾಲನ್ನು ಸುರಿಯದೆ ಕೂಸೇ ಚಪ್ಪರಿಸಿ ಎಳೆದುಕೊಳ್ಳುವಂತೆ ಹಿಡಿಯಬೇಕು. ಮೊದಲ ಮೂರು ದಿನ ನನ್ನ ಮೊಮ್ಮಗಳು ಬಾಯಿ ಬಿಗಿದಳು. ಹಸಿವು ಕೆರಳಿದ ಮೇಲೆ ಕೊಟ್ಟರೆ ಅಳುವೇ ಹೆಚ್ಚು. ನಿದ್ದೆಗಣ್ಣಿನಲ್ಲಿ, ತಾಯಿಯ ಹಳೆಯ ಸೀರೆಯನ್ನು ನನ್ನ ತೊಡೆಯ ಮೇಲೆ ಹಾಸಿಕೊಂಡು ಕೊಟ್ಟಾಗ ನಾಲ್ಕನೆಯ ದಿನ ಗುಟುಕರಿಸಿದಳು. ಹಗಲು ಅರೆಹೊಟ್ಟೆ ಕುಡಿದು ರಾತ್ರಿ ತಾಯಿಯನ್ನು ನಾಲ್ಕು ಸಲ ಎಬ್ಬಿಸುವ ರೂಢಿಯೂ ಬಂದಿತು. ಅದರಿಂದ ಹಾಲು ಬತ್ತದೆ ಉಳಿಯಿತು, ಆದರೆ ಸೊಸೆಯ ನಿದ್ದೆ ಹೋಯಿತು.

ನಿಜವಾದ ತೊಡಕು ಮನೆಯಲ್ಲಿರಲಿಲ್ಲ, ಕಚೇರಿಯಲ್ಲಿತ್ತು. ಅಲ್ಲಿ ಹಿಂಡಲು ಸ್ಥಳವೇ ಇಲ್ಲ. ಎರಡು ವಾರ ಆಕೆ ಶೌಚಾಲಯದಲ್ಲಿ ನಿಂತು, ಹೊರಗೆ ಬಾಗಿಲು ಬಡಿಯುವವರ ಸದ್ದಿನ ನಡುವೆ ಹಿಂಡಿದಳು. ಗಾಬರಿಗೊಂಡ ದೇಹದಲ್ಲಿ ಹಾಲು ಇಳಿಯುವುದಿಲ್ಲ. ಅಲ್ಲದೆ ಶೌಚಾಲಯದಲ್ಲಿ ಹಿಂಡಿದ್ದನ್ನು ಕೂಸಿಗೆ ತರಲು ಆಕೆಗೆ ಮನಸ್ಸೊಪ್ಪದೆ ಅಲ್ಲಿಯೇ ಚೆಲ್ಲುತ್ತಿದ್ದಳು. ಮೂರನೆಯ ವಾರಕ್ಕೆ ಬೆಳಗಿನ ಹಾಲೂ 80ರಿಂದ 40ಕ್ಕೆ ಇಳಿಯಿತು. ಫ್ರಿಜ್ಜಿನಲ್ಲಿ ಕೂಡಿಟ್ಟ ಡಬ್ಬಿಗಳು ಮುಗಿದುವು. ಒಂದು ಸಂಜೆ ಬಸ್ಸಿಳಿದು ಬಂದವಳೇ "ಅತ್ತಿ, ನಾಳೆಯಿಂದ ಪುಡಿ ಹಾಲು ಶುರು ಮಾಡೂಣು, ಇಲ್ಲಾ ನೌಕರಿ ಬಿಡತೇನಿ" ಎಂದು ಕುಸಿದು ಕುಳಿತಳು. ನಲವತ್ತು ವರ್ಷಗಳ ಹಿಂದೆ ನಾನು ಬೇಲಿಯ ಮರೆಗೆ ಚೆಲ್ಲಿದ ಹಾಲನ್ನು ಈಕೆ ಕಚೇರಿಯ ಮೋರಿಗೆ ಚೆಲ್ಲುತ್ತಿದ್ದಾಳೆ. ಇಷ್ಟು ವರ್ಷಗಳಲ್ಲಿ ಬದಲಾದದ್ದು ಇಷ್ಟೇ ಏನು ಎನಿಸಿತು.

ಅಂದು ರಾತ್ರಿ ನಾನೂ ಮಗನೂ ಕೂಡಿ ಒಂದು ಅರ್ಜಿ ಬರೆದುಕೊಟ್ಟೆವು. ಕೂಸಿಗೆ 15 ತಿಂಗಳಾಗುವವರೆಗೆ ತಾಯಿಗೆ ಹಾಲೂಡಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಕಾಯಿದೆಯೇ ಹೇಳಿತ್ತು. 50 ಮತ್ತು ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂಬುದು 2017ರಲ್ಲಿ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವೆರಡನ್ನೂ ಉಳಿಸಿಕೊಂಡಿದೆ. ತಂಬೂರಿನಿಂದ ಕೂಸನ್ನು ಹುಬ್ಬಳ್ಳಿಗೆ ದಿನಾಲೂ ಬಸ್ಸಿನಲ್ಲಿ ಒಯ್ಯಲಾಗದು. ಆ ಎರಡು ಬಿಡುವಿನಲ್ಲಿ ಹಾಲು ಹಿಂಡಿಕೊಳ್ಳಲು ಬಾಗಿಲಿರುವ ಒಂದು ಜಾಗ ಕೊಡಿ ಎಂಬುದಷ್ಟೇ ಬಿನ್ನಹ. ಮೇಲಧಿಕಾರಿಗಳು ಒಳ್ಳೆಯವರೇ. ಈವರೆಗೆ ಯಾರೂ ಕೇಳಿರಲಿಲ್ಲವಂತೆ! ಹಳೆಯ ಕಡತಗಳ ಕೋಣೆಯನ್ನು ಗುಡಿಸಿ, ಒಂದು ಕುರ್ಚಿ ಹಾಕಿ, ಬಾಗಿಲಿಗೆ ಒಳಚಿಲಕ ಹಚ್ಚಿಸಿಕೊಟ್ಟರು. ಸಂಸ್ಥೆಗೆ ಬಂದ ಖರ್ಚು ಆ ಚಿಲಕದ್ದು ಮಾತ್ರ. ಕೈಕೆಳಗೆ ಹೆಣ್ಣುಮಕ್ಕಳು ದುಡಿಯುವ ಕಡೆ ಹಿರಿಯ ಹುದ್ದೆಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ಅವರು ಬಂದು ಕೇಳುವವರೆಗೆ ಕಾಯದೆ, ತಮ್ಮ ಕಚೇರಿಯಲ್ಲಿ ಅಂಥದೊಂದು ಚಿಲಕವಿದೆಯೇ ಎಂದು ಎದ್ದು ನೋಡಬೇಕೆಂದು ಕೈಮುಗಿದು ಕೇಳುತ್ತೇನೆ. ಹತ್ತು ಹನ್ನೆರಡು ದಿನಗಳಲ್ಲಿ ಹಾಲು ಮೊದಲಿನಂತಾಯಿತು. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಹಿಂಡಿದ್ದನ್ನು ಬರ್ಫದ ಪೊಟ್ಟಣಗಳಿಟ್ಟ ಶಾಖತಡೆಯ ಡಬ್ಬಿಯಲ್ಲಿ ಸಂಜೆ ತರುವಳು. ಸೋಮವಾರದ ಹಾಲು ಮಂಗಳವಾರಕ್ಕೆ.

ಇಷ್ಟೆಲ್ಲ ಸಂಬಳದ ನೌಕರಿಯವರ ಮಾತಾಯಿತು. ನಮ್ಮ ಓಣಿಯಲ್ಲಿಯೇ ಕೂಲಿಗೆ ಹೋಗುವ ತಾಯಿಯೊಬ್ಬಳಿದ್ದಾಳೆ. ಗೋವಿನಜೋಳದ ಕಳೆ ತೆಗೆಯುವ ದಿನಗಳಲ್ಲಿ ಅವಳ ಕೂಸಿಗೆ ಮೂರು ತಿಂಗಳು. 26 ವಾರದ ರಜೆ ಅವಳಿಗಿಲ್ಲ, ಫ್ರಿಜ್ಜೂ ಇಲ್ಲ. 2023ರಲ್ಲಿ ರಾಜ್ಯ ಸರಕಾರ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ ಸಾರಿದ 'ಕೂಸಿನ ಮನೆ'ಗಳು ಒಳ್ಳೆಯ ಯೋಜನೆಯೇ, ಆದರೆ ಅವು ಆರು ತಿಂಗಳು ತುಂಬಿದ ಮಕ್ಕಳಿಗೆ. ನಮ್ಮ ಮನೆಯ ಒಳಲೆಯನ್ನು ನೋಡಿ ಅವಳು, "ಅಕ್ಕೋರ, ಇದು ನಮ್ಮಂಥಾರಿಗೆ ಆಗತೈತೇನ್ರಿ?" ಎಂದು ಕೇಳಿದಳು. ಮಳೆಗಾಲದ ತಂಪಿನಲ್ಲಿ ನಾಲ್ಕು ತಾಸಿನ ಲೆಕ್ಕ ಅವಳಿಗೆ ಸಾಕಾಯಿತು. ಒಂಬತ್ತಕ್ಕೆ ಹೊರಡುವ ಮುಂಚೆ ಕೂಸಿಗೆ ಕುಡಿಸಿ, ಕುದಿಸಿದ ಬಟ್ಟಲಿನಲ್ಲಿ ಒಂದು ಸಲದ ಹಾಲು ಹಿಂಡಿ ಮುಚ್ಚಿಟ್ಟು ಹೋಗುವಳು. ಹನ್ನೊಂದೂವರೆಗೆ ಅವಳ ಅತ್ತೆ ಅದನ್ನು ಒಳಲೆಯಿಂದ ಕುಡಿಸುವಳು. ಎರಡು ಗಂಟೆಗೆ ಬುತ್ತಿಯ ಗಂಟನ್ನು ತಲೆಯ ಮೇಲೂ ಕೂಸನ್ನು ಬಗಲಲ್ಲೂ ಹೊತ್ತು ಆ ಮುದುಕಿ ಕೆರೆಯ ಏರಿ ಹಿಡಿದು ಹೊಲಕ್ಕೆ ನಡೆಯುವಳು. ಬದುವಿನ ಬೇವಿನ ಮರದಡಿ ತಾಯಿ ಕೈ ತೊಳೆದುಕೊಂಡು ಕುಳಿತಿರುತ್ತಾಳೆ.